ಧಾರೇಶ್ವರದ ಹೊಯ್ಗೆಯಲ್ಲಿ ಹೂತ ಕಾರು: ಮೂರೂಕಾಲು ಗಂಟೆಯ ಲೆಕ್ಕ

ಕೆಲಸ ಶುರುವಾಗಿದ್ದು ಸಂಜೆ 6:20ಕ್ಕೆ, ಕಾರು ಮೇಲೆ ಬಂದಿದ್ದು ರಾತ್ರಿ 9:35ಕ್ಕೆ. ಸರಿಯಾದ ಕ್ರಮದಲ್ಲಿ ಮಾಡಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತು ಎಲ್ಲಿ ಹೋಯಿತು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ಅದರಲ್ಲಿ ಬಹುಪಾಲು ನಾನೇ ಹಾಳು ಮಾಡಿದ್ದು.

2024ರ ಜನವರಿ 26, ಶುಕ್ರವಾರ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಹೆದ್ದಾರಿ 66ರಲ್ಲಿ ಹೊನ್ನಾವರದ ಕಡೆ ತಿರುಗಿ, ಧಾರೇಶ್ವರ ದಾಟಿದ ಮೇಲೆ ನಮ್ಮ ಪರಿಚಯದವರ ತೆಂಗಿನ ತೋಟವಿದೆ. ವರ್ಷಕ್ಕೊಮ್ಮೆ ಅಲ್ಲಿ ಟೆಂಟ್ ಹಾಕುತ್ತೇವೆ. ತೋಟದ ಬೇಲಿ ಮುಗಿದಲ್ಲಿ ಗಾಳಿಮರದ ಸಾಲು, ಅದರಾಚೆ ಮರಳು (ಇಲ್ಲಿಯವರ ಮಾತಲ್ಲಿ ಹೊಯ್ಗೆ), ಆಮೇಲೆ ಸಮುದ್ರ. ನಾನು ಗಾಡಿಯನ್ನು ಬೇಲಿಯಿಂದ ಆಚೆ ಒಯ್ಯುವುದಿಲ್ಲ. ಆ ದಿನ ಒಯ್ದೆ.

ಗಾಡಿಯಲ್ಲಿ ಇದ್ದದ್ದು: ನನ್ನದು 2007ರ ಮಾರುತಿ ಜಿಪ್ಸಿ, ಬೇಕಾದಾಗ ನಾಲ್ಕೂ ಗಾಲಿಗೆ ಶಕ್ತಿ ಕೊಡಬಲ್ಲ ಜೀಪು. 4 ಮೀಟರಿನ ಎಳೆಯುವ ಪಟ್ಟಿ (5 ಟನ್ ಅಂತ ಬರೆದಿದೆ, ನಾನೇನೂ ಪರೀಕ್ಷೆ ಮಾಡಿಲ್ಲ), ಎರಡು ಡಿ ಶ್ಯಾಕಲ್ (ಪಟ್ಟಿ, ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಮೋಟು ಹಿಡಿಯ ಒಂದು ಸಲಿಕೆ, ಬಾಟಲ್ ಜ್ಯಾಕ್, 12 ವೋಲ್ಟಿನ ಗಾಳಿ ಪಂಪು, ಗೇಜು, ತಲೆಗೆ ಕಟ್ಟುವ ಟಾರ್ಚು. ಹಲಗೆ ಇರಲಿಲ್ಲ. ಉದ್ದ ಹಗ್ಗವೂ ಇರಲಿಲ್ಲ.

6:20, ನೋಡಿದ್ದು

ಚಹಾ ಕುದಿಯುತ್ತಿತ್ತು. ಮೂವತ್ತರ ಆಸುಪಾಸಿನ ಒಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾ ಬಂದರು. "ಅಣ್ಣಾರ, ನಿಮ್ಮದು ಜೀಪ್ ಐತಲ್ರಿ, ಒಂದ್ ಸ್ವಲ್ಪ ಎಳೀತೀರೇನ್ರಿ? ನಮ್ಮ ಗಾಡಿ ಉಸುಕಿನ್ಯಾಗ ಕುಂತೈತ್ರಿ." ಹುಬ್ಬಳ್ಳಿಯವರು. ಜೊತೆಗೆ ಹೆಂಡತಿ, ತಾಯಿ, ಮೂರು ವರ್ಷದ ಮಗು.

ದೋಣಿ ಸಾಗಿಸುವ ಓಣಿಯಿಂದ ಕಾರು ಇಳಿಸಿದ್ದಾರೆ. ಇಳಿತದ ಹೊತ್ತು, ನೀರಿನ ಅಂಚಿನ ಹಸಿ ಮರಳು ಟಾರು ರಸ್ತೆಯ ಹಾಗೆ ಗಟ್ಟಿಯಿತ್ತು, ಆರಾಮಾಗಿ ಓಡಿದೆ. ಇಳಿಸೂರ್ಯನ ಫೋಟೋ ತೆಗೆದು ವಾಪಸ್ ತಿರುಗಿಸುವಾಗ ಮೇಲಿನ ಒಣ ಮರಳಿಗೆ ಹತ್ತಿಸಿ ಸಿಕ್ಕಿಬಿದ್ದಿದ್ದಾರೆ. ಬಿಡಿಸಿಕೊಳ್ಳಲು ಮುಂದೆ ಹಿಂದೆ ಮಾಡುತ್ತಾ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಒತ್ತಿದ್ದಾರೆ. ಹತ್ತಿರ ಹೋದರೆ ಕ್ಲಚ್ ಸುಟ್ಟ ವಾಸನೆ.

ಕಾರು ಜರ್ಮನ್ ಕಂಪನಿಯ ಹ್ಯಾಚ್‌ಬ್ಯಾಕ್, ಎಂಜಿನ್ ಮುಂದಿನ ಗಾಲಿಗಳನ್ನು ಮಾತ್ರ ತಿರುಗಿಸುತ್ತದೆ. ಮೂತಿ ಸಮುದ್ರದ ಕಡೆ. ಮುಂದಿನ ಎರಡೂ ಗಾಲಿ ಹತ್ತಿರಹತ್ತಿರ ಅರ್ಧ ಹೂತಿದ್ದವು. ಅಡಿಗೆ ಕೈ ಹಾಕಿದರೆ ಬೆರಳು ಹೋಗಲಿಲ್ಲ, ಹೊಟ್ಟೆ ಪೂರ್ತಿ ಮರಳಿನ ಮೇಲೆ ಕೂತಿತ್ತು. ನೀರಿನ ಅಂಚಿಗೆ ಹೆಜ್ಜೆ ಹಾಕಿ ಅಳೆದೆ, ಇಪ್ಪತ್ತಾರು ಹೆಜ್ಜೆ. ಗಟ್ಟಿ ನೆಲ ಅಂದರೆ ಗಾಳಿಮರದ ಬುಡ, ಅದು ಹಿಂದಕ್ಕೆ ಮೂವತ್ತು ಹೆಜ್ಜೆ.

ಇಪ್ಪತ್ತಾರು ಹೆಜ್ಜೆ ದೂರ ಇದೆಯಲ್ಲ ಅಂತ ನಿರಾಳವಾಗಿದ್ದೆ. ಹಿಂದಿನ ದಿನ ಹುಣ್ಣಿಮೆಯಾಗಿದ್ದು ಗೊತ್ತಿತ್ತು. ಆದರೆ ಆ ಗೊತ್ತಿದ್ದದ್ದಕ್ಕೂ ಈ ಇಪ್ಪತ್ತಾರು ಹೆಜ್ಜೆಗೂ ಸಂಬಂಧ ಹೊಳೆಯಲಿಲ್ಲ.

6:35, ಎಳೆತ ಒಂದು: ಫೇಲ್

ಜಿಪ್ಸಿಯನ್ನು ಬೇಲಿ ದಾಟಿಸಿ ಕಾರಿನ ಹಿಂದೆ ತಂದು ನಿಲ್ಲಿಸಿದೆ. ಪಟ್ಟಿ 4 ಮೀಟರ್ ಮಾತ್ರ, ಹಾಗಾಗಿ ಜಿಪ್ಸಿಯೂ ಅದೇ ಮೆತ್ತನೆಯ ಮರಳಿನಲ್ಲೇ ನಿಂತಿತು. ಕಾರಿಗೆ ಕೊಕ್ಕೆ ಎಲ್ಲಿದೆ ಅಂತ ಹುಡುಕುವ ಗೋಜಿಗೂ ಹೋಗದೆ ಹಿಂದಿನ ಆಕ್ಸಲ್ ಬೀಮಿಗೆ ಪಟ್ಟಿ ಸುತ್ತಿದೆ. ಇದು ಮಾಡಬಾರದ ಕೆಲಸ. ಅದರ ಪಕ್ಕದಲ್ಲೇ ಬ್ರೇಕ್ ಪೈಪು ಹಾದು ಹೋಗಿರುತ್ತದೆ. ಮಾರನೇ ದಿನ ನೋಡಿದಾಗ ಬೀಮಿನ ಪೇಂಟು ಎರಡು ಬೆರಳಗಲ ಕಿತ್ತುಹೋಗಿತ್ತು, ಪೈಪಿಗೂ ಪಟ್ಟಿ ಉಜ್ಜಿದ ಜಾಗಕ್ಕೂ ನಡುವೆ ಒಂದು ಇಂಚೂ ಇರಲಿಲ್ಲ.

ಫೋರ್ ವೀಲ್ ಲೋ (ನಾಲ್ಕೂ ಗಾಲಿಗೆ ನಿಧಾನದ, ಹೆಚ್ಚು ಬಲದ ಗೇರು) ಹಾಕಿ ಕ್ಲಚ್ ಬಿಟ್ಟೆ. ಕಾರು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದೆ. ನನ್ನ ಹಿಂದಿನ ಗಾಲಿ ಮರಳು ಚಿಮ್ಮಿತು. ಆಗ ಪಕ್ಕದಲ್ಲಿ ನಿಂತಿದ್ದ ಮಗಳು ಕೂಗಿದಳು, "ಅಪ್ಪಾ, ಮುಂದಿನ ಚಕ್ರ ತಿರುಗ್ತಾನೇ ಇಲ್ಲ!"

ನನ್ನ ಜಿಪ್ಸಿಗೆ ಕೈಯಲ್ಲಿ ಲಾಕ್ ಮಾಡುವ ಹಬ್ ಹಾಕಿಸಿದ್ದೇನೆ. ಗಾಡಿಯಿಂದ ಇಳಿದು ಎರಡೂ ಮುಂದಿನ ಗಾಲಿಯ ನಡುವಿನ ಬಿಲ್ಲೆಯನ್ನು 'ಫ್ರೀ'ಯಿಂದ 'ಲಾಕ್'ಗೆ ತಿರುಗಿಸದಿದ್ದರೆ ಒಳಗೆ ಲಿವರ್ ಎಷ್ಟು ಎಳೆದರೂ ಮುಂದಿನ ಗಾಲಿಗೆ ಶಕ್ತಿ ಹೋಗುವುದಿಲ್ಲ. ನಾಲ್ಕು ವರ್ಷದಿಂದ ಓಡಿಸುತ್ತಿರುವವನು ಒಬ್ಬ ಅಪರಿಚಿತನ ಎದುರು ಮರೆತೆ. ಹುಬ್ಬಳ್ಳಿಯವರಿಗೆ ಏನಾಯಿತು ಅಂತ ಅರ್ಥವಾಗಲಿಲ್ಲ, ನಾನೂ ಹೇಳಲಿಲ್ಲ.

6:50, ಎಳೆತ ಎರಡು: ಇನ್ನೂ ಫೇಲ್

ಹಬ್ ಲಾಕ್ ಮಾಡಿದೆ. ಪಟ್ಟಿಯನ್ನು ಸ್ವಲ್ಪ ಸಡಿಲ ಬಿಟ್ಟು ಜಗ್ಗಿದೆ. 'ಟಣ್' ಅಂತ ಸದ್ದು, ನನ್ನ ಕುತ್ತಿಗೆಗೆ ಝಟಕಾ. ಕಾರು ಬಂದದ್ದು ನಾಲ್ಕು ಬೆರಳು. ಮತ್ತೊಮ್ಮೆ ಜಗ್ಗಿದೆ. ಈ ಸಲ ಕಾರು ನಿಂತಲ್ಲೇ ನಿಂತಿತು, ಜಿಪ್ಸಿಯ ನಾಲ್ಕೂ ಗಾಲಿ ಇಳಿದವು. ಎಳೆಯುವ ಪಟ್ಟಿಗೆ ಹಿಗ್ಗುವ ಗುಣವಿಲ್ಲ. ಅದರಲ್ಲಿ ಜಗ್ಗಿದರೆ ಪೆಟ್ಟು ನೇರ ಲೋಹಕ್ಕೆ, ಯಾವುದಾದರೂ ಒಂದು ಕಡೆ ಕಿತ್ತು ಬರಬೇಕು ಅಷ್ಟೆ.

ಏಳು ಗಂಟೆಗೆ ಸ್ಥಿತಿ ಹೀಗಿತ್ತು: ಹೂತ ಗಾಡಿ ಎರಡು, ಸುತ್ತ ಕತ್ತಲು. ನೀರಿನ ಅಂಚು ಈಗ ಹತ್ತೊಂಬತ್ತು ಹೆಜ್ಜೆ. ಅಳೆದವಳು ನನ್ನ ಹೆಂಡತಿ. ಅಳೆದು ಏನೂ ಹೇಳದೆ ಬಂದು ನನ್ನ ಪಕ್ಕ ನಿಂತಳು.

7:05, ಗಾಳಿ ಇಳಿಸಿದ್ದು

ಈ ಸಂಜೆ ನಾನು ಮಾಡಿದ ಮೊದಲ ಸರಿಯಾದ ಕೆಲಸ. ಜಿಪ್ಸಿಯ ಟೈರಿನಲ್ಲಿ ಗಾಳಿಯ ಒತ್ತಡ 28 ಪಿಎಸ್‌ಐ ಇತ್ತು. ವಾಲ್ವ್ ಪಿನ್ನನ್ನು ಕಡ್ಡಿಯಿಂದ ಒತ್ತಿ ಹಿಡಿದೆ, ಟೈರಿಗೆ ಎರಡೂವರೆ ನಿಮಿಷದ ಹಾಗೆ, ನಾಲ್ಕೂ 15ಕ್ಕೆ ಇಳಿಸಿದೆ. ಬೇಲಿಯ ಬಳಿ ಗಟ್ಟಿ ನೆಲದಲ್ಲೇ ಈ ಹತ್ತು ನಿಮಿಷ ಕೊಟ್ಟಿದ್ದರೆ ಜಿಪ್ಸಿ ಹೂಳುತ್ತಿರಲಿಲ್ಲ.

ಗಾಳಿ ಇಳಿಸಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕಾದರೆ ಟೈರು ನೆಲಕ್ಕೆ ತಾಗಿದ ಉದ್ದವನ್ನು ಗೇಣಿನಲ್ಲಿ ಅಳೆಯಿರಿ. ಮೊದಲು ಒಂದು ಗೇಣಿಗೆ ನಾಲ್ಕು ಬೆರಳು ಕಡಿಮೆ ಇತ್ತು, ಆಮೇಲೆ ಒಂದು ಗೇಣು ಮೂರು ಬೆರಳು. ಟೈರಿನ ಕೆನ್ನೆ ಮಗುವಿನ ಕೆನ್ನೆಯ ಹಾಗೆ ಉಬ್ಬಿತ್ತು. ಪಟ್ಟಿ ಕಳಚಿ, ಗಾಲಿಯ ಹಿಂದಿನ ಮರಳು ಸ್ವಲ್ಪ ಸರಿಸಿ, ಕ್ಲಚ್ ಮೆಲ್ಲಗೆ ಬಿಟ್ಟೆ. ಜಿಪ್ಸಿ ಏನೂ ಆಗದವರಂತೆ ತಾನೇ ಎದ್ದು ಬಂತು. ಆಕ್ಸಿಲರೇಟರ್ ಹೆಚ್ಚು ಮುಟ್ಟಲೇ ಇಲ್ಲ.

15ಕ್ಕಿಂತ ಕೆಳಗೆ ನಾನು ಹೋಗಲಿಲ್ಲ. ತೀರಾ ಇಳಿಸಿದರೆ ಸ್ಟೀರಿಂಗ್ ಜೋರಾಗಿ ಕತ್ತರಿಸಿದಾಗ ಟೈರು ರಿಮ್ಮಿನಿಂದ ಬಿಟ್ಟುಕೊಳ್ಳುತ್ತದೆ, ಆಮೇಲೆ ಈ ಪಂಪಿನಿಂದ ಅದನ್ನು ಕೂರಿಸಲು ಸಾಧ್ಯವಿಲ್ಲ.

7:25, ತೋಡಿದ್ದು

ಕಾರಿನ ಟೈರುಗಳನ್ನೂ 33ರಿಂದ 16ಕ್ಕೆ ಇಳಿಸಿದೆವು. ಆದರೆ ಹೊಟ್ಟೆ ಮರಳಿನ ಮೇಲೆ ಕೂತಿರುವಾಗ ಗಾಳಿ ಇಳಿಸಿದರೆ ಪ್ರಯೋಜನವಿಲ್ಲ. ಗಾಡಿಯ ಭಾರ ಗಾಲಿಯ ಮೇಲೇ ಇಲ್ಲವಲ್ಲ. ಹೊಟ್ಟೆಯ ಕೆಳಗಿನ ಮರಳು ಹೋಗಲೇಬೇಕು.

ಇರುವುದು ಒಂದು ಸಲಿಕೆ. ಹುಬ್ಬಳ್ಳಿಯವರು ಸಲಿಕೆ ಹಿಡಿದರು, ನಾನು ಅಂಗಾತ ಮಲಗಿ ಊಟದ ಸ್ಟೀಲ್ ತಟ್ಟೆಯಿಂದ ಎಳೆದು ಹಾಕಿದೆ. ತಟ್ಟೆಯೇ ವಾಸಿ. ಅಡಿಗೆ ನುಗ್ಗುತ್ತದೆ, ಅಂಚು ಹರಿತ. ಅವರ ತಾಯಿ ಸೀರೆ ಎತ್ತಿ ಕಟ್ಟಿ ಇನ್ನೊಂದು ತಟ್ಟೆ ತಗೊಂಡು ಆಚೆ ಬದಿ ಕೂತರು. ನಮ್ಮಿಬ್ಬರಿಗಿಂತ ಅವರ ಕೈ ಚುರುಕು. "ಹೊಲದಾಗ ಮಾಡೀನ್ರಿ ಇಂಥಾವು" ಅಂದರು.

ಒಣ ಮರಳಿನ ಕಷ್ಟ ಒಂದೇ, ಒಂದು ತಟ್ಟೆ ತೆಗೆದರೆ ಪಕ್ಕದಿಂದ ಮುಕ್ಕಾಲು ತಟ್ಟೆ ಜಾರಿ ಬರುತ್ತದೆ. ಗುಂಡಿಯನ್ನು ನೇರ ಆಳಕ್ಕೆ ತೋಡದೆ ಹಿಂದಕ್ಕೆ ಇಳಿಜಾರಾಗಿ ಎರಡು ಮಾರು ಉದ್ದ ಬಿಡಿಸಿದ ಮೇಲೆ ನಿಂತಿತು. ಇಷ್ಟಕ್ಕೇ ನಲವತ್ತು ನಿಮಿಷ.

8:05, ಜ್ಯಾಕು ಮತ್ತು ಚಪಾತಿ ಮಣೆ

ಮುಂದಿನ ಗಾಲಿ ಎತ್ತಿ ಅಡಿಗೆ ಏನಾದರೂ ತುಂಬಬೇಕು. ನನ್ನ ಬಾಟಲ್ ಜ್ಯಾಕ್ ಅಡಿಗೆ ಹೋಗುವಷ್ಟು ಜಾಗವಿಲ್ಲ. ಅವರ ಕತ್ತರಿ ಜ್ಯಾಕ್ ಇಟ್ಟು ತಿರುಗಿಸಿದರೆ ಕಾರು ಏಳುವ ಬದಲು ಜ್ಯಾಕೇ ಇಳಿಯಿತು, ನೀರಲ್ಲಿ ಕಲ್ಲು ಬಿಟ್ಟ ಹಾಗೆ. ಚಪ್ಪಟೆ ಕಲ್ಲು ಹುಡುಕಿದೆ, ಇಡೀ ತೀರದಲ್ಲಿ ಒಂದೂ ಇಲ್ಲ. ಸ್ಟೀಲ್ ತಟ್ಟೆ ಇಟ್ಟೆ, ಮಡಚಿಕೊಂಡಿತು.

ಕೊನೆಗೆ ಹೆಂಡತಿ ಟೆಂಟಿನಿಂದ ಚಪಾತಿ ಮಣೆ ತಂದಳು. ಹಲಸಿನ ಮರದ್ದು, ಅಡ್ಡಗಲ ಹನ್ನೊಂದು ಇಂಚು, ಮದುವೆಯಾದಾಗ ಅವಳ ತವರಿನಿಂದ ಬಂದದ್ದು. ಕೊಡುವಾಗ ಅವಳ ಮುಖ ನಾನು ನೋಡಲಿಲ್ಲ. ಮಣೆ ಹಾಗೇ ನೆಟ್ಟಗೆ ಇಟ್ಟರೆ ಕಾಲು ಮರಳಿನಲ್ಲಿ ಹೋಗಿ ಗಟ್ಟಿಯಾಗಿ ಕೂರುತ್ತದೆ ಅಂದುಕೊಂಡೆ. ಉಲ್ಟಾ, ವಾಲಿತು. ಮಣೆಯ ಕಾಲು ಇಳಿಯುವ ಹಾಗೆ ಗುಣಿ ತೋಡಿ, ಪೂರ್ತಿ ಅಡಿ ಮರಳಿಗೆ ಅಂಟುವಂತೆ ಒತ್ತಿ ಕೂರಿಸಿದ ಮೇಲೆ ಸರಿಯಾಯಿತು. ಜ್ಯಾಕಿನ ಪಾದ ಮರದಲ್ಲಿ ಕಚಕ್ ಅಂತ ಇಳಿದದ್ದು ಕೇಳಿಸಿತು. ಆಮೇಲೆ ಕಾರು ಎದ್ದಿತು.

ಜ್ಯಾಕಿನ ಮೇಲೆ ಇರುವಾಗ ಯಾರೂ ಗಾಲಿಯ ಅಡಿಗೆ ಕೈ ಹಾಕಲಿಲ್ಲ. ಮರಳಿನ ಮೇಲಿನ ಜ್ಯಾಕು ಯಾವ ಕ್ಷಣದಲ್ಲಾದರೂ ವಾಲಬಹುದು. ತುಂಬುವುದೆಲ್ಲ ಸಲಿಕೆಯ ತುದಿಯಿಂದ.

8:25, ಅಜ್ಜ

ಉದುರಿ ಬಿದ್ದ ತೆಂಗಿನ ಮಡಲನ್ನು ಗಾಲಿಯಡಿ ತುಂಬಿದ್ದೆವು, ದಿಂಡು ಗಾಲಿಯ ಉದ್ದಕ್ಕೆ ಬರುವಂತೆ. ಕಾರು ರಿವರ್ಸ್ ಹಾಕಿದ ತಕ್ಷಣ ಗಾಲಿ ಅದನ್ನು ಕಚ್ಚಿ ಮುಂದಕ್ಕೆ ಉಗುಳಿತು. ಮಡಲು ಬಾಣದ ಹಾಗೆ ಹಾರಿ ನೀರಿಗೆ ಬಿತ್ತು. ಸದ್ಯ, ಮುಂದೆ ಯಾರೂ ಇರಲಿಲ್ಲ.

ಅಷ್ಟು ಹೊತ್ತಿಗೆ ಟಾರ್ಚಿನ ಬೆಳಕು ನೋಡಿ ಮೀನುಗಾರ ಅಜ್ಜ ಒಬ್ಬರು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಚಂದ್ರನನ್ನು ನೋಡಿದರು. "ಹನ್ನೊಂದೂವರೆಗೆ ಭರ್ತಿ. ಈ ಗಾಡಿ ಮೇಲೇ ನೀರ್ ಬತ್ತದೆ ತಮಾ" ಅಂದರು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ (ಸಮುದ್ರದ ಉಬ್ಬರ) ಎಲ್ಲಕ್ಕಿಂತ ಮೇಲೆ ಬರುತ್ತದೆ, ಅದೂ ನಮ್ಮ ಕಡೆ ಮಧ್ಯರಾತ್ರಿ ಹತ್ತಿರ. ಸಂಜೆ ಐದೂವರೆಯ ಸುಮಾರಿಗೆ ನೀರು ಅತಿ ಕೆಳಗಿದ್ದಾಗ ಇವರು ಕಾರು ಇಳಿಸಿದ್ದಾರೆ. ನಾನು ಅಳೆದ ಇಪ್ಪತ್ತಾರು ಹೆಜ್ಜೆ ಆ ಲೆಕ್ಕದ್ದು. ಈಗ ಹನ್ನೊಂದು ಹೆಜ್ಜೆ ಉಳಿದಿತ್ತು, ಮುಂದಿನ ಗಾಲಿಯ ಗುಂಡಿಯ ತಳದಲ್ಲಿ ನೀರು ಒಸರುತ್ತಿತ್ತು.

ಅಜ್ಜ ಮೂರು ಬದಲಾವಣೆ ಮಾಡಿಸಿದರು.

ಮೊದಲನೆಯದು, ಮಡಲನ್ನು ಅಡ್ಡಕ್ಕೆ ಹಾಕುವುದು. ಏಣಿಯ ಮೆಟ್ಟಿಲಿನ ಹಾಗೆ ದಿಂಡು ಗಾಲಿಗೆ ಅಡ್ಡ ಬರಬೇಕು, ಒಂದರ ಮೇಲೊಂದು, ತುದಿಗಳ ಮೇಲೆ ಮರಳು ಹೇರಬೇಕು. ಒಂದೊಂದು ಗಾಲಿಯ ಹಾದಿಗೆ ಏಳು ಮಡಲು ಹಿಡಿಯಿತು.

ಎರಡನೆಯದು ನನಗೆ ಹೊಳೆದೇ ಇರಲಿಲ್ಲ. "ಹೊಯ್ಗೆ ಒಣಗ್ಯದೆ. ನೀರ್ ಹೊಯ್ಯಿ, ಗಟ್ಟಿ ಆತದೆ." ಕಾರು ಹಿಂದಕ್ಕೆ ಬರುವ ಹಾದಿಯ ಒಣ ಮರಳಿಗೆ ಪೇಂಟ್ ಬಕೆಟ್ಟಿನಲ್ಲಿ ಸಮುದ್ರದ ನೀರು ಹೊತ್ತು ಸುರಿದೆವು, ಹದಿನೆಂಟು ಬಕೆಟ್. ಕಾಲಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಹಿಮ್ಮಡಿ ಮುಳುಗುತ್ತಿದ್ದಲ್ಲಿ ಈಗ ಅಚ್ಚು ಮಾತ್ರ ಮೂಡುತ್ತಿತ್ತು. ಗುಂಡಿಗೆ ಮಾತ್ರ ಸುರಿಯಬಾರದು. ಮರಳು ತೇವವಾದರೆ ಗಟ್ಟಿ, ನೀರು ತುಂಬಿದರೆ ಗಂಜಿ.

ಮೂರನೆಯದು ಹಗ್ಗ. ದೋಣಿಯ ನೈಲಾನ್ ಹಗ್ಗ, ಹೆಬ್ಬೆರಳು ದಪ್ಪ, ಇಪ್ಪತ್ತೈದು ಮೀಟರಿಗೆ ಕಡಿಮೆಯಿಲ್ಲ. ಅದಕ್ಕೆ ನನ್ನ ಪಟ್ಟಿಯನ್ನು ಸೇರಿಸಿದರೆ ಜಿಪ್ಸಿ ಗಾಳಿಮರದ ಬುಡದ ಗಟ್ಟಿ ನೆಲದಲ್ಲೇ ನಿಲ್ಲಬಹುದು. ನೈಲಾನ್ ಹಿಗ್ಗುತ್ತದೆ, ಪೆಟ್ಟು ಕೊಡದೆ ಎಳೆಯುತ್ತದೆ.

ಹಗ್ಗಕ್ಕೂ ಪಟ್ಟಿಗೂ ನಡುವೆ ನಾನು ಶ್ಯಾಕಲ್ ಹಾಕಹೊರಟೆ. ಅಜ್ಜ ಕಿತ್ತುಕೊಂಡು ಜೇಬಿಗಿಳಿಸಿದರು. ಹಗ್ಗ ಹರಿದರೆ ಆ ಕಬ್ಬಿಣದ ತುಂಡು ಗುಂಡಿನ ಹಾಗೆ ಹಾರುತ್ತದೆ. ಎರಡರ ಕುಣಿಕೆಯನ್ನೂ ಒಂದರೊಳಗೊಂದು ತೂರಿಸಿ, ನಡುವೆ ತೆಂಗಿನ ದಿಂಡಿನ ಗೇಣುದ್ದದ ತುಂಡು ಸಿಕ್ಕಿಸಿದರು. ಅದು ಯಾಕೆ ಅಂತ ಆಮೇಲೆ ತಿಳಿಯಿತು. ಎಳೆದ ಮೇಲೆ ಗಂಟು ಕಲ್ಲಾಗಿರುತ್ತದೆ, ದಿಂಡು ಕಿತ್ತರೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ.

9:05, ಕೊಕ್ಕೆ

ಈ ಸಲ ಬೀಮಿಗೆ ಕಟ್ಟಲಿಲ್ಲ. ಹಿಂದಿನ ಬಂಪರಿನ ಬಲಗಡೆ ಸಣ್ಣ ಚೌಕ ಮುಚ್ಚಳವಿತ್ತು, ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಒಳಗೆ ಥ್ರೆಡ್ ಇರುವ ರಂಧ್ರ. ಅದಕ್ಕೆ ಹಾಕುವ ಕೊಕ್ಕೆ ಸ್ಟೆಪ್ನಿಯ ಪಕ್ಕ ಟೂಲ್ ಡಬ್ಬಿಯಲ್ಲಿತ್ತು. ಕಾರು ತಗೊಂಡು ಐದು ವರ್ಷವಾದರೂ ಹುಬ್ಬಳ್ಳಿಯವರು ಅದನ್ನು ನೋಡಿರಲಿಲ್ಲ.

ಕೊಕ್ಕೆ ಹತ್ತುತ್ತಲೇ ಇಲ್ಲ. ಮರಳು ಹೋಗಿದೆ ಅಂತ ಊದಿದೆ, ಬಟ್ಟೆ ತುರುಕಿ ಒರೆಸಿದೆ, ಎಣ್ಣೆ ಹಚ್ಚಿದೆ. ಹತ್ತು ನಿಮಿಷ ಹೋಯಿತು. ಕೊನೆಗೆ ಬೇಸರದಲ್ಲಿ ಎಡಕ್ಕೆ ತಿರುಗಿಸಿದಾಗ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಉಲ್ಟಾ ಥ್ರೆಡ್. ಈ ಕಂಪನಿಯ ಗಾಡಿಗಳಿಗೆ ಹಾಗೇ ಇರುತ್ತದಂತೆ, ಕುಮಟಾದ ಮೆಕ್ಯಾನಿಕ್ ಮಾರನೇ ದಿನ ನಗುತ್ತಾ ಹೇಳಿದ. ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಬಿಗಿ ಮಾಡಿದೆವು.

9:25, ಎಳೆತ ಮೂರು

ಹೆಂಗಸರು, ಮಕ್ಕಳು ಹಗ್ಗದ ಸಾಲಿನಿಂದ ದೂರ, ಗಾಳಿಮರದ ಹಿಂದೆ. ಹಗ್ಗದ ನಡುವೆ ಒದ್ದೆ ಗೋಣಿ ಹಾಕಿದೆವು, ಹರಿದರೆ ಅದರ ಭಾರಕ್ಕೆ ಕೆಳಗೆ ಬೀಳಲಿ ಅಂತ. ಕಾರಿನ ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಆಫ್. ಅದು ಆನ್ ಇದ್ದರೆ ಗಾಲಿ ಜಾರಿದ ಕೂಡಲೇ ಎಂಜಿನ್ ಶಕ್ತಿ ಕಡಿಮೆಯಾಗುತ್ತದೆ. ಸ್ಟೀರಿಂಗ್ ನೆಟ್ಟಗೆ. ಹುಬ್ಬಳ್ಳಿಯವರಿಗೆ ಹೇಳಿದ್ದು ಒಂದೇ: ನಾನು ಹಾರ್ನ್ ಹೊಡೆದಾಗ ರಿವರ್ಸಿನಲ್ಲಿ ಕ್ಲಚ್ ಬಿಡಿ, ಗಾಲಿ ಜಾರಿದರೆ ಕಾಲು ತೆಗೀರಿ.

ಜಿಪ್ಸಿ ಫಸ್ಟ್ ಲೋ. ಹಗ್ಗ ಬಿಗಿಯಾಯಿತು, ನೀರು ಹಿಂಡಿಕೊಂಡು ತೊಟ್ಟಿಕ್ಕಿತು. ಇನ್ನೂ ಬಿಗಿಯಾಯಿತು. ಜಿಪ್ಸಿ ಒಂದು ಮಾರು ಮುಂದೆ ಹೋದರೂ ಕಾರು ಅಲ್ಲೇ. ಈಗಲೂ ಬರಲ್ಲ ಅಂದುಕೊಂಡೆ. ಆಮೇಲೆ ಕನ್ನಡಿಯಲ್ಲಿ ಕಾರಿನ ದೀಪ ಮೆಲ್ಲಗೆ ತೂಗಿದ್ದು ಕಂಡಿತು, ಮಡಲು ಚಟಚಟ ಮುರಿದ ಸದ್ದು, ದೀಪ ಹತ್ತಿರ ಬರತೊಡಗಿತು. ನಿಲ್ಲಿಸದೆ ಬೇಲಿಯವರೆಗೂ ಎಳೆದೆ. 9:35.

ತಿರುಗಿ ನೋಡಿದಾಗ ಮುಂದಿನ ಗಾಲಿಯ ಗುಂಡಿಯಲ್ಲಿ ನೀರು ತುಂಬಿ ಚಂದ್ರ ಕಾಣುತ್ತಿದ್ದ. ಅದರ ಪಕ್ಕದಲ್ಲಿ ಚಪಾತಿ ಮಣೆ ತೇಲುತ್ತಿತ್ತು. ಓಡಿ ತಂದೆ.

ಹುಬ್ಬಳ್ಳಿಯವರು ಅಜ್ಜನ ಕೈಗೆ ಐನೂರರ ನೋಟು ಕೊಡಹೋದರು. ಅವರು ಮುಟ್ಟಲಿಲ್ಲ. "ಗುಂಡಿ ಮುಚ್ಚಿ ಹೋಗಿ. ಆಮೆ ಮರಿ ಬಿದ್ರೆ ಹತ್ತೂಕೆ ಆಗೂದಿಲ್ಲ." ಈ ತಿಂಗಳುಗಳಲ್ಲಿ ಕಡಲಾಮೆಗಳು ನಮ್ಮ ತೀರಕ್ಕೆ ಮೊಟ್ಟೆ ಇಡಲು ಬರುತ್ತವೆ. ಮರಿಗಳಿಗೆ ಟೈರಿನ ಜಾಡೇ ಒಂದು ಕಂದಕ. ಕೆಳಗಿನದನ್ನು ಭರತ ತೊಳೆಯುತ್ತದೆ, ಮೇಲಿನ ಒಣ ಮರಳಿನದು ವಾರಗಟ್ಟಲೆ ಉಳಿಯುತ್ತದೆ. ಸಮ ಮಾಡಲು ಇನ್ನೊಂದು ಅರ್ಧ ಗಂಟೆ.

10:15, ಗಾಳಿ ತುಂಬಿದ್ದು

ಎಂಟು ಟೈರು, ಒಂದು ಪಂಪು. ಮೂರನೇ ಟೈರಿಗೆ ಜಿಪ್ಸಿಯ ಸಾಕೆಟ್ ಫ್ಯೂಸ್ ಹೋಯಿತು. ಅದು 15 ಆಂಪಿಯರಿನದು, ಪಂಪು ಒಂದೇ 14 ಎಳೆಯುತ್ತದೆ, ಜೊತೆಗೆ ನಾನು ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದೆ. ಬದಲಿ ಫ್ಯೂಸ್ ಇಲ್ಲ. ಉಳಿದದ್ದೆಲ್ಲ ಅವರ ಕಾರಿನ ಸಾಕೆಟ್ಟಿನಿಂದ, ಎರಡು ಟೈರಿಗೊಮ್ಮೆ ಪಂಪು ತಣಿಸುತ್ತಾ. ಮುಗಿದಾಗ ಹನ್ನೊಂದೂಕಾಲು. ನೀರು ಗಾಳಿಮರದಿಂದ ಹದಿನೈದು ಹೆಜ್ಜೆ ದೂರದಲ್ಲಿ ಸದ್ದು ಮಾಡುತ್ತಿತ್ತು. ಅವರು ಆ ರಾತ್ರಿ ತೋಟದಲ್ಲೇ ಮಲಗಿದರು.

ಜನವರಿ 27

ಕುಮಟಾದಲ್ಲಿ ಎರಡೂ ಗಾಡಿಯ ಅಡಿ ತೊಳೆಸಿದೆವು, ತಲಾ ₹400. ಕಾರಿನ ಮುಂದಿನ ಬಲ ಗಾಲಿ ಕೀರಲು ದನಿ ಮಾಡುತ್ತಿತ್ತು. ಡಿಸ್ಕಿಗೂ ಹಿಂದಿನ ತಗಡಿಗೂ ನಡುವೆ ಚಿಪ್ಪಿನ ಚೂರು ಸಿಕ್ಕಿತ್ತು, ತೆಗೆದ ಮೇಲೆ ಹೋಯಿತು. ಬ್ರೇಕ್ ಪೈಪು ಸರಿಯಿದೆ ಅಂದ ಮೆಕ್ಯಾನಿಕ್. ನಾನು ಮಾಡಿದ ಎಡವಟ್ಟನ್ನು ಆಗ ಹುಬ್ಬಳ್ಳಿಯವರಿಗೆ ಹೇಳಿದೆ, ಹಬ್ಬಿನ ಕಥೆ ಸಮೇತ.

ಫೆಬ್ರುವರಿ 4

ಜಿಪ್ಸಿಯ ಹಬ್ ಬಿಚ್ಚಿದೆ. ಎಡಗಡೆಯದು ಸ್ವಚ್ಛ. ಬಲಗಡೆ ಪೇಪರ್ ಗ್ಯಾಸ್ಕೆಟ್ ಹರಿದು ಗ್ರೀಸ್ ಬೂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಉಜ್ಜಿದರೆ ಮರಳು ಚರಚರ. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ (₹280) ತುಂಬಿ, ಗ್ಯಾಸ್ಕೆಟ್ ಹಾಳೆ (₹60) ಕತ್ತರಿಸಿ ಹಾಕಿದೆ. ಮೊದಲ ಸಲ ಕತ್ತರಿಸಿದ್ದಕ್ಕೆ ಒಂದು ಬೋಲ್ಟಿನ ತೂತು ಕೂಡಲಿಲ್ಲ, ಎರಡನೆಯದು ಕೂತಿತು. 15 ಆಂಪಿಯರ್ ಫ್ಯೂಸ್ ಐದು, ₹50. ಇಪ್ಪತ್ತು ಮೀಟರ್ ನೈಲಾನ್ ಹಗ್ಗ, ₹1,900.

ಜ್ಯಾಕಿನ ಅಡಿಗೆ ಅಂತ 18 ಮಿ.ಮೀ. ಪ್ಲೈವುಡ್ಡಿನ ಒಂದಡಿ ಚೌಕವನ್ನೂ ಕತ್ತರಿಸಿ ತಂದಿದ್ದೆ. ಹೆಂಡತಿ ಅದನ್ನು ತಿರುಗಿಸಿ ನೋಡಿ ಅಂಗಡಿಯವನಿಗೆ ವಾಪಸ್ ಕೊಡಿ ಅಂದಳು. ಮಣೆಯಲ್ಲಿ ಜ್ಯಾಕಿನ ಪಾದದ ಗುರುತು ಕಾಲಿಂಚು ಆಳ ಇಳಿದಿದೆ, ಲಟ್ಟಿಸಿದರೆ ಚಪಾತಿಗೆ ಚೌಕದ ಅಚ್ಚು ಬೀಳುತ್ತದೆ. ಅದು ಈಗ ಜಿಪ್ಸಿಯ ಹಿಂದಿನ ಸೀಟಿನಡಿ ಇದೆ. ಮನೆಗೆ ಹೊಸ ಮಣೆ, ₹450, ಹಲಸಿನದಲ್ಲ.